ಎರಡು ಬೆರಳ ಜಾಗ

ರುದ್ರವ್ವ ಉಣ್ಣುವುದನ್ನು ಯಾರೂ ನೋಡಿರಲಿಲ್ಲ. ವಾಸ್ಕೋ ಬಂದರಿನಲ್ಲಿ ಚೀಲ ಹೊರುವವರು, ರೈಲ್ವೆ ಗ್ಯಾಂಗಿನವರು, ಬಿಜಾಪುರದ ಕಡೆಯಿಂದ ಬಂದು ಗಾರೆ ಕಲಸುವವರು, ಎಲ್ಲರೂ ವರ್ಷಗಟ್ಟಲೆ ಅವಳು ಬಡಿದ ರೊಟ್ಟಿ ತಿಂದಿದ್ದರು. ಖಾನಾವಳಿಯ ಬೋರ್ಡಿನ ಮೇಲೆ ಗಂಡ ನಿಜಲಿಂಗಪ್ಪನ ಹೆಸರಿತ್ತು. ಗಲ್ಲಾದ ಹಿಂದೆ ಕೂರುವವನೂ ಅವನೇ. ಒಳಗೆ, ಹೊಗೆ ಹಿಡಿದ ಗೋಡೆಯ ಆಚೆ, ಕಟ್ಟಿಗೆ ಒಲೆಯ ಮುಂದೆ ರುದ್ರವ್ವ. ಅವಳ ಅಂಗೈ ಬಡಿತ ನಿಂತರೆ ಹೊರಗೆ ಬೆಂಚಿನ ಮೇಲೆ ಕೂತವರು ತಲೆ ಎತ್ತಿ ನೋಡುತ್ತಿದ್ದರು, ನಡೆಯುತ್ತಿದ್ದ ಫ್ಯಾನು ನಿಂತಾಗ ನೋಡುವ ಹಾಗೆ.

ಮಧ್ಯಾಹ್ನದ ಗಿರಾಕಿಗಳೆಲ್ಲ ಎದ್ದು, ಗಂಡ ಉಂಡು, ಅತ್ತೆ ಶರಣಮ್ಮ ಉಂಡು, ಇಬ್ಬರೂ ಅಡ್ಡಾದ ಮೇಲೆ ಅವಳು ಒಲೆಯ ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಅಷ್ಟು ಹೊತ್ತಿಗೆ ಉಳಿದ ರೊಟ್ಟಿ ಆರಿ ಸೆಟೆದಿರುತ್ತಿತ್ತು. ಹಂಚಿನಿಂದ ಆಗಷ್ಟೇ ಎತ್ತಿದ ಬಿಸಿ ರೊಟ್ಟಿಯನ್ನು ಅವಳು ದಿನಕ್ಕೆ ನೂರಾರು ಸಲ ಕೈಯಲ್ಲಿ ಹಿಡಿಯುತ್ತಿದ್ದಳು. ಕೊನೆಯ ಸಲ ಅದನ್ನು ತಿಂದದ್ದು ತವರಿನಲ್ಲಿ, ಮದುವೆಗೆ ಮುಂಚೆ.

ಆದ್ದರಿಂದ ಆ ವರ್ಷದ ದೀಪಾವಳಿಯ ಆಚೆ ರೊಟ್ಟಿ ಅವಳ ಗಂಟಲ ಕೆಳಗೆ ನಿಲ್ಲತೊಡಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೊದಲು ನೀರು ಕುಡಿದು ನೂಕಿದಳು. ಆಮೇಲೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿದಳು. ಆಮೇಲೆ ರೊಟ್ಟಿಯನ್ನೇ ಬಿಟ್ಟು ಅಂಬಲಿ ಕುಡಿದಳು. ಇಳಿಯದ ತುತ್ತನ್ನು ಸೆರಗಿನ ಮರೆಯಲ್ಲಿ ಬಾಯಿಂದ ತೆಗೆದು ಒಲೆಯ ಬೂದಿಯೊಳಗೆ ಹುಗಿಯುತ್ತಿದ್ದಳು. ಬೂದಿಯನ್ನು ಮರುದಿನ ಬೆಳಿಗ್ಗೆ ಎತ್ತುವವಳೂ ತಾನೇ. ಯಾರಿಗೆ ತಿಳಿಯಬೇಕು?

ತಿಳಿದದ್ದು ಗಂಗೀಬಾಯಿಗೆ. ಬೈನಾ ಕಡಲದಂಡೆಯ ಗುಡಿಸಲುಗಳಿಂದ ಬಂದು ಖಾನಾವಳಿಯ ಪಾತ್ರೆ ತಿಕ್ಕುತ್ತಿದ್ದ ಲಂಬಾಣಿ ಹೆಂಗಸು ಅವಳು. ಮಣಿಕಟ್ಟಿನಿಂದ ಮೊಳಕೈವರೆಗೆ ಹಸಿರು ಹಚ್ಚೆ, ಬಾಯಿ ತೆರೆದರೆ ಚೇಷ್ಟೆ. ಹಿತ್ತಲಿನ ನಲ್ಲಿಯ ಹತ್ತಿರ ಕೂತು ಅವಳು ರುದ್ರವ್ವನ ತಾಟನ್ನು ಎತ್ತಿ ತೋರಿಸಿದಳು.

"ಯಕ್ಕಾ, ನಿಮ್ಮ ತಾಟಿಗೆ ಚಟ್ನಿ ಹತ್ತದ ಎಷ್ಟ ದಿನಾತು? ಸಾವಕಾರ್ರ ಮ್ಯಾಲಿನ ಸಿಟ್ಟಿಗೆ ಉಪಾಸ ಹಿಡದೀರೇನು?"

"ನಿನಗ ತಿಕ್ಕೂದು ಹಗುರಾತು ಅಂತ ತಿಳ್ಕೋ."

"ತಾಟ ಹಗುರಾಗಿ ಹಗುರಾಗಿ ನಿಮ್ಮ ಕುತ್ತಿಗಿ ಎಲಬು ಕಾಣಾಕತ್ತೈತಿ ಅಂತೇನಿ ನಾ."

ರುದ್ರವ್ವ ನಕ್ಕು ಒಳಗೆ ಹೋದಳು. ಗಂಗೀಬಾಯಿ ಮರುದಿನ ನೇರ ಗಲ್ಲಾದ ಮುಂದೆ ನಿಂತು, ಊಟಕ್ಕೆ ಕೂತವರೆಲ್ಲ ಕೇಳುವ ಹಾಗೆ ಅಂದಳು: "ಸಾವಕಾರ್ರ, ನಿಮ್ಮ ಮನಿಯವ್ರಿಗೆ ಅನ್ನ ಗಂಟಲದಾಗ ಇಳಿವಲ್ದು. ಗೊತ್ತೈತೇನು?"

ಬೆಂಚಿನ ಮೇಲಿದ್ದ ಯಮನೂರಪ್ಪ, ಬಂದರಿನ ಹಮಾಲ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹಂಗಾರ ನಾಳಿಂದ ನಮ್ಮ ರೊಟ್ಟಿ ಗತಿ ಏನವಾ?" ಎಂದ. ಎಲ್ಲರೂ ನಕ್ಕರು. ಅವನೇನೂ ಕೆಟ್ಟವನಲ್ಲ. ಖರೇನೇ ಕೇಳಿದ್ದ.

ಪಣಜಿ ಕಡೆಯ ಆಸ್ಪತ್ರೆಯಲ್ಲಿ ಬಾಯಿಂದ ನಳಿಗೆ ಇಳಿಸಿ ನೋಡಿದರು. ಡಾಕ್ಟರು ಕಾರವಾರದವರು, ಕನ್ನಡ ಬರುತ್ತಿತ್ತು. ಅನ್ನನಾಳದಲ್ಲಿ ಗಂಟು ಬೆಳೆದಿದೆ, ಮೇಲ್ಗಡೆಯೇ ಇದೆ, ಕತ್ತರಿಸಿ ತೆಗೆಯುವ ಜಾಗವಲ್ಲ ಎಂದರು. ಅದಕ್ಕೆ ಯಂತ್ರದಿಂದ ಕಿರಣ ಬಿಡಬೇಕು. ಆರು ವಾರ, ಶನಿವಾರ ಭಾನುವಾರ ಬಿಟ್ಟು ದಿನಾ ಬರಬೇಕು.

"ಮೊದಲು ಏನೂ ಅನ್ನಿಸೋದಿಲ್ಲ. ಎರಡು ವಾರ ಕಳೆದ ಮೇಲೆ ಗಂಟಲು ಒಳಗಿಂದ ಉರಿಯತ್ತೆ, ಉಗುಳು ನುಂಗಿದರೂ ನೋಯತ್ತೆ. ಇನ್ನೂ ಇಕ್ಕಟ್ಟಾಯ್ತು ಅನ್ನಿಸಬಹುದು. ಎದೆ ಮೇಲಿನ ಚರ್ಮ ಕಪ್ಪಾಗತ್ತೆ, ಸುಲಿಯತ್ತೆ. ತುಂಬ ಸುಸ್ತು ಬರತ್ತೆ. ವಿಶ್ರಾಂತಿ ಬೇಕು. ಬೆಂಕಿ ಹತ್ತಿರ ಹೋಗಬಾರದು."

"ಅದೆಲ್ಲಾ ಆದ ಮ್ಯಾಲ ಬಿಸಿ ರೊಟ್ಟಿ ತಿನ್ನಾಕ ಬರತೈತೇನ್ರಿ?" ಎಂದು ರುದ್ರವ್ವ ಕೇಳಿದಳು. ಅವಳ ಜೀವ ಆ ಒಂದು ಮಾತಿಗೆ ಜೋತುಬಿದ್ದಿತ್ತು.

"ಗಂಟು ಕರಗಿದರೆ, ಮೂರ್ನಾಲ್ಕು ತಿಂಗಳಿಗೆ ತಿನ್ನಬಹುದು."

ನಿಜಲಿಂಗಪ್ಪ ಬೇರೆಯದನ್ನು ಕೇಳಿದ. "ದಿನಾ ಎಷ್ಟೊತ್ತು ಹಿಡಿತದ್ರಿ, ಆ ಕಿರಣ ಬಿಡಾಕ?"

"ಕಿರಣ ಬೀಳೋದು ಎರಡು ನಿಮಿಷ."

ಅವನ ಮುಖ ಸಡಿಲಾಯಿತು. ಬಸ್ಸಿನಲ್ಲಿ ಜುವಾರಿ ಸೇತುವೆ ದಾಟುವಾಗ ಅವನು ಹೆಂಡತಿಗೆ ಸಮಾಧಾನ ಹೇಳಿದ: "ಎರಡ ಮಿನಿಟಿನ ಕೆಲಸ. ನಸುಕಿನಾಗ ಎದ್ದು ಒಂದಿಷ್ಟು ರೊಟ್ಟಿ ಬಡದಿಟ್ಟು ಹೋದ್ರ, ಊಟದ ಹೊತ್ತಿಗೆ ವಾಪಸ್ ಬಂದಿರತೀ."

ಬೇರೆ ಯಾರು ಬಡಿಯಬೇಕು? ಒಬ್ಬಳೇ ಮಗಳು ಫೋಂಡಾದ ಕಿರಾಣಿ ಅಂಗಡಿಯವರ ಸೊಸೆ. ಆ ಮನೆಯ ಒಲೆ ಅವಳನ್ನು ಬಿಟ್ಟುಕೊಡುತ್ತಿರಲಿಲ್ಲ. ಶರಣಮ್ಮನಿಗೆ ಮೊಣಕಾಲು ನೋವು. ಗಂಗೀಬಾಯಿಗೆ ಬರುತ್ತಿತ್ತು, ಆದರೆ ಲಂಬಾಣಿಯವಳು ಹಿಟ್ಟು ಮುಟ್ಟುವುದು ಶರಣಮ್ಮನಿಗೆ ಒಪ್ಪಿಗೆಯಿರಲಿಲ್ಲ. ಅವಳು ಬೆಳಗಿದ ಪಾತ್ರೆಯನ್ನೂ ಇನ್ನೊಮ್ಮೆ ನೀರು ತೋರಿಸಿಯೇ ಒಳಗೆ ತರಬೇಕಿತ್ತು.

ಮೇ ತಿಂಗಳ ಮೊದಲ ವಾರ ಗೆರೆ ಹಾಕಿದರು. ಯಂತ್ರದ ಕೋಣೆಯ ಹುಡುಗಿ ಅಸುಂತಾ ಕೊಂಕಣಿಯವಳು, ಮೃದು ಕೈಯವಳು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ತೆಗೆಯಬೇಕು ಅಂದಾಗ ರುದ್ರವ್ವ ಹೌಹಾರಿದಳು. ಮೈಮೇಲಿನ ಲಿಂಗವನ್ನು ಬಿಚ್ಚಿ ಎಲ್ಲಿಡುವುದು? ಕೊನೆಗೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನೆತ್ತಿಯ ಮೇಲೆ ಕಟ್ಟಿಕೊಂಡು ಮಲಗಿದಳು. "ಮಹಾರಾಣಿ ದಿಸ್ತಾ!" ಮಹಾರಾಣಿ ಹಾಗೆ ಕಾಣುತ್ತೀ, ಎಂದು ಅಸುಂತಾ ನಕ್ಕಳು. ಕತ್ತಿನ ಗುಳಿಯಿಂದ ಎದೆಯ ನಡುವಿನವರೆಗೆ ನೇರಳೆ ಶಾಯಿಯ ಚೌಕ, ಅದರ ನಡುವೆ ಅಡ್ಡ ಉದ್ದ ಎರಡು ಗೀಟು. ಬೆನ್ನಿಗೂ ಹಾಗೆಯೇ. ಮೇಲಿನಿಂದ ಬೀಳುವ ಬೆಳಕಿನ ಚೌಕ ಈ ಗೆರೆಗೆ ಕೂಡಬೇಕು, ಕೂಡಿದರೆ ಮಾತ್ರ ಕಿರಣ ಗಂಟಿಗೆ ತಾಗುತ್ತದೆ. ಅಸುಂತಾ ಬೆರಳು ಅಲ್ಲಾಡಿಸಿ ಹೇಳಿದಳು: "ಉದಕ ನಾಕಾ, ಸಾಬೂ ನಾಕಾ, ತೇಲ ನಾಕಾ." ನೀರು, ಸಾಬೂನು, ಎಣ್ಣೆ ಒಂದೂ ಆ ಜಾಗಕ್ಕೆ ತಾಗಬಾರದು, ಆರು ವಾರ.

ಆಮೇಲೆ ದಪ್ಪ ಬಾಗಿಲು ಮುಚ್ಚಿತು. ಅಷ್ಟು ದೊಡ್ಡ ಕೋಣೆಯಲ್ಲಿ ಅವಳೊಬ್ಬಳೇ. ಎಲ್ಲರೂ ಹೊರಗೆ ಓಡಿಹೋಗುವಂಥದ್ದು ಏನು ಬರುತ್ತದೆ ಇಲ್ಲಿ ಎಂದು ಅವಳು ಕಾದಳು. ಏನೂ ಬರಲಿಲ್ಲ. ಸಣ್ಣಗೆ ಗುಂಯ್ ಅಂದಿತು, ನಿಂತಿತು. ನೋವಿಲ್ಲ, ಬಿಸಿಯಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮನೆಯಲ್ಲಿ ಶರಣಮ್ಮ ಕಾಯುತ್ತಿದ್ದಳು. "ಆರ ವಾರ ಮೈ ತೊಳಿಲಾರದಾಕಿ ಒಲಿ ಮುಂದ ಕುಂಡ್ರತಾಳಂತ! ಪೂಜಿ ಹೆಂಗ, ಅಡಗಿ ಹೆಂಗ?"

"ಸ್ವಾಂಟದಿಂದ ಕೆಳಗ ಜಳಕ ಮಾಡತೇನ್ರಿ ಅತ್ಯಾರ. ಮ್ಯಾಲೆ ಒದ್ದಿ ಅರಬಿ ಆಡಸತೇನಿ, ಗೆರಿ ಬಿಟ್ಟು."

"ಮತ್ತ ಕುತ್ತಿಗ್ಯಾಗ ಅದೇನ ಬಣ್ಣ ಬಳ್ಕೊಂಡೀ? ಕುಬಸದ ಹೊರಗ ಕಾಣತೈತಿ. ಊಟಕ್ಕ ಬರೂ ಗಂಡಸರು ಅದನ್ನ ನೋಡ್ಕೋತ ಕುಂಡ್ರಬೇಕೇನು?"

ಖರೇ ಅಂದರೆ ಗಂಡಸರಿಗೆ ಅವಳ ಕೈಯಷ್ಟೇ ಕಾಣುತ್ತಿತ್ತು, ಒಳಗಿನಿಂದ ರೊಟ್ಟಿಯ ಬುಟ್ಟಿ ನೂಕುವ ಕೈ. ಆದರೂ ರುದ್ರವ್ವ ಸೆರಗನ್ನು ಎರಡು ಸುತ್ತು ಬಿಗಿದುಕೊಂಡಳು. ಮೇ ತಿಂಗಳ ವಾಸ್ಕೋದ ಬೆವರು, ಅದರ ಮೇಲೆ ಒಲೆ, ಅದರ ಮೇಲೆ ಬಿಗಿದ ಸೆರಗು. ವಾರ ಕಳೆಯುವುದರೊಳಗೆ ಗೆರೆ ಕರಗಿ ಕುಬಸಕ್ಕೆ ಇಳಿಯಿತು.

ಅಸುಂತಾ ನೋಡಿ ಬಯ್ದಳು. ಡಾಕ್ಟರನ್ನು ಕರೆಸಿ, ಮತ್ತೆ ಎಕ್ಸ್‌ರೇ ಫೋಟೋ ತೆಗೆಸಿ, ಮತ್ತೆ ಅಳೆದು ಹೊಸ ಗೆರೆ ಎಳೆಯುವಷ್ಟರಲ್ಲಿ ಮಧ್ಯಾಹ್ನ ಇಳಿಯಿತು. ರುದ್ರವ್ವ ವಾಸ್ಕೋದ ಬಸ್ ಸ್ಟ್ಯಾಂಡಿನಿಂದ ಓಡುತ್ತ ಬಂದಾಗ ಖಾನಾವಳಿಯ ಬೆಂಚುಗಳು ಖಾಲಿ. ನಸುಕಿನಲ್ಲಿ ಬಡಿದಿಟ್ಟ ರೊಟ್ಟಿ ಮುಗಿದು ಗಿರಾಕಿಗಳು ಎದುರಿನ ಉಡುಪಿಯವರ ಹೋಟೆಲಿಗೆ ಹೋಗಿದ್ದರು. ನಿಜಲಿಂಗಪ್ಪ ಕೂಗಾಡಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಟೇಬಲಿನ ಮೇಲೆ ಉರುಳಿಸುತ್ತ, "ಒಂದ ಗೆರಿ ಕಾಯಾಕ ಬರೂದಿಲ್ಲ ನಿನಗ," ಎಂದ. ಅವನು ಜೋಳದ ಚೀಲಗಳ ಮೇಲೆ ಗುರುತು ಹಾಕುವ ಪೆನ್ಸಿಲು ಅದು. ಒದ್ದೆ ಮಾಡಿ ಎಳೆದರೆ ನೇರಳೆ ಬಣ್ಣ ಬಿಡುತ್ತಿತ್ತು.

ರುದ್ರವ್ವನ ಕಣ್ಣು ಪೆನ್ಸಿಲಿನ ಮೇಲೆ ನಿಂತಿತು. ಅದೇ ಬಣ್ಣ.

ಮುಂದಿನ ಸಲ ಗೆರೆ ಮಸುಕಾದಾಗ ಅವಳು ಆಸ್ಪತ್ರೆಯಲ್ಲಿ ಹೇಳಲಿಲ್ಲ. ಕಪಾಟಿನ ಕನ್ನಡಿಯ ಮುಂದೆ ನಿಂತು, ಪೆನ್ಸಿಲಿನ ತುದಿ ನಾಲಗೆಗೆ ತಾಗಿಸಿ, ಉಳಿದ ಗುರುತಿನ ಮೇಲೆಯೇ ತಿದ್ದಿಕೊಂಡಳು. ತವರಿನಲ್ಲಿ ಅಂಗಳದ ತುಂಬ ರಂಗೋಲಿ ಎಳೆದ ಕೈ, ಗೆರೆ ನಡುಗಲಿಲ್ಲ. ಬೆನ್ನಿನ ಮೇಲಿನದನ್ನು ಗಂಗೀಬಾಯಿ ತಿದ್ದಿದಳು. ಮರುದಿನ ಬೆಳಕಿನ ಚೌಕ ಗೆರೆಗೆ ಸರಿಯಾಗಿ ಕೂತಿತು. ಯಾರೂ ಏನೂ ಕೇಳಲಿಲ್ಲ. ಊಟದ ಹೊತ್ತಿಗೆ ರುದ್ರವ್ವ ಒಲೆಯ ಮುಂದಿದ್ದಳು.

ಆ ಧೈರ್ಯದ ಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ಹೇಗೂ ತಾನೇ ಎಳೆಯುವುದು, ಅತ್ತೆಯ ಬಾಯಿಗೆ ಯಾಕೆ ಬೀಳಬೇಕು? ಮೇಲಿನ ಗೆರೆಯನ್ನು ಎರಡು ಬೆರಳು ಕೆಳಗೆ ತಂದಳು, ಕುಬಸದ ಅಂಚಿನೊಳಗೆ ಮುಚ್ಚುವಷ್ಟು. ಚೌಕ ಚಿಕ್ಕದಾಗಬಾರದಲ್ಲ, ಅದಕ್ಕೆ ಕೆಳಗಿನ ಗೆರೆಯನ್ನೂ ಎರಡು ಬೆರಳು ಇಳಿಸಿದಳು. ನಡುವಿನ ಗೀಟನ್ನೂ ಇಳಿಸಿದಳು. ಆಮೇಲೆ ಬೆನ್ನು ತಿರುಗಿಸಿದಳು.

"ಗಂಗೀ, ಹಿಂದಿಂದೂ ಎರಡ ಬೆರಳ ಇಳಸು. ಎರಡೂ ಕೂಡಬೇಕ."

"ಇಳಿಸಿದ್ರ ನಡಿತೈತೇನ ಯಕ್ಕಾ?"

"ಅಳತಿ ಅದೇ ಐತಲ್ಲ. ರಂಗೋಲಿ ಒಂದ ಚೂರು ಸರಿಸಿ ಹಾಕಿದ್ರ ಕೆಡತೈತೇನು?"

ಆ ಎರಡು ವಾರ ಅಸುಂತಾ ರಜೆಯ ಮೇಲಿದ್ದಳು, ಮನೆಯಲ್ಲಿ ಮದುವೆ. ಬದಲಿಗೆ ಬಂದವನು ಗೆರೆ ಇದ್ದಲ್ಲಿ ಬೆಳಕು ಕೂಡಿಸಿ ಬಾಗಿಲು ಮುಚ್ಚುತ್ತಿದ್ದ. ಯಂತ್ರ ಗುಂಯ್ ಅನ್ನುತ್ತಿತ್ತು. ರುದ್ರವ್ವ ಕಣ್ಣು ಮುಚ್ಚಿ, ಹಂಚಿನ ಮೇಲೆ ಉಬ್ಬುವ ರೊಟ್ಟಿಯನ್ನು ನೆನೆಯುತ್ತಿದ್ದಳು.

ಡಾಕ್ಟರು ಹೇಳಿದ ಉರಿ ಶುರುವಾಯಿತು. ಒಣಮೆಣಸಿನಕಾಯಿ ಬೀಜ ಗಂಟಲಲ್ಲಿ ಕೂತ ಹಾಗೆ. ಹಾಲು ನುಂಗಿದರೂ ಕಣ್ಣಲ್ಲಿ ನೀರು. ಎದೆಯ ಚರ್ಮ ಹಂಚಿನ ತಳದ ಬಣ್ಣಕ್ಕೆ ತಿರುಗಿತು. ಒಲೆಯ ಝಳ ಬಡಿದರೆ ಯಾರೋ ಚಿವುಟಿದಂತಾಗುತ್ತಿತ್ತು. ಹಿಟ್ಟು ನಾದುತ್ತ ನಾದುತ್ತ ಕೂತಲ್ಲೇ ಕಣ್ಣು ಮುಚ್ಚಿ, ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆಗೆ ಎಚ್ಚರಾಗುತ್ತಿದ್ದಳು. "ಏನ್ರಿ ಸಾವಕಾರ್ರ, ಇವತ್ತ ಇದ್ದಲಿ ಊಟ ಏನು?" ಎಂದು ಹೊರಗಿನಿಂದ ಯಮನೂರಪ್ಪ ಕೂಗುತ್ತಿದ್ದ. ನಿಜಲಿಂಗಪ್ಪ ಒಳಗೆ ಇಣುಕಿ, "ಏ, ಎಚ್ಚರಿರು," ಅನ್ನುತ್ತಿದ್ದ.

ಆದರೆ ಅವಳನ್ನು ಕಾಡಿದ್ದು ಉರಿಯಲ್ಲ. ಉರಿ ಕೆಳಗಿತ್ತು. ರೊಟ್ಟಿ ನಿಲ್ಲುತ್ತಿದ್ದ ಜಾಗ ಅದಕ್ಕಿಂತ ಮೇಲೆ, ಕತ್ತಿನ ಗುಳಿಯ ಹಿಂದೆ. ಅಲ್ಲಿ ಉರಿಯೇ ಇರಲಿಲ್ಲ. ಮೊದಲಿನ ಹಾಗೆ ಸುಮ್ಮನೆ ಏನೋ ಕೂತಿತ್ತು. ಅಲ್ಲಿ ಗುಣ ಆಗಿರಬೇಕು, ಅದಕ್ಕೇ ನೋವಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡರೂ ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ನಾಲ್ಕನೇ ವಾರಕ್ಕೆ ಬೆವರು ಇನ್ನೂ ಹೆಚ್ಚಾಗಿ, ದಿನಕ್ಕೆರಡು ಸಲ ಗೆರೆ ತಿದ್ದುವ ಪರಿಸ್ಥಿತಿ ಬಂತು. ಸುಟ್ಟ ಚರ್ಮದ ಮೇಲೆ ಪೆನ್ಸಿಲಿನ ತುದಿ ಗೀರಿದರೆ ಜೀವ ಹೋದಂತಾಗುತ್ತಿತ್ತು. ಗಂಗೀಬಾಯಿ ತನ್ನ ಮುಂಗೈ ಮುಂದೆ ಚಾಚಿದಳು.

"ಇದನ್ನ ನೋಡ್ರಿ. ಹುಟ್ಟಿ ನಡಿಯಾಕ ಬಂದಾಗ ಹಾಕಿದ್ದು. ಉಪ್ಪನೀರಾಗ ತಿಕ್ಕೇನಿ, ಬೂದ್ಯಾಗ ತಿಕ್ಕೇನಿ, ಒಂದ ಚುಕ್ಕಿ ಹೋಗಿಲ್ಲ. ನಮ್ಮ ಮಂದ್ಯಾಗ ಸತ್ತಾಗೂ ಜೋಡಿ ಬರೂದು ಇದೊಂದ. ನಿಮ್ಮ ಗೆರೀನೂ ಹಚ್ಚಿ ಹಾಕಿಸಿಬಿಡೂಣು. ಒಮ್ಮೆ ನೋವು, ಆಮ್ಯಾಲ ನಿಶ್ಚಿಂತಿ."

ರುದ್ರವ್ವ ಯೋಚಿಸಿದಳು. ಅವಳ ಕೈಮೇಲೂ ಮದುವೆಗೆ ಮೊದಲು ಹಾಕಿಸಿದ ತುಳಸಿಕಟ್ಟೆಯ ಹಚ್ಚೆ ಇತ್ತು. ಅದಕ್ಕೆ ಯಾರೂ ಏನೂ ಅಂದಿರಲಿಲ್ಲ. "ಯಾರ ಹಾಕತಾರ?"

"ನಮ್ಮ ಫೂಲಿಬಾಯಿ ಚಿಗವ್ವ. ಬೈನಾದಾಗ ಬೋಟಿನ ಮಂದೀಗೆಲ್ಲ ಆಕೀನ ಹಾಕೂದು."

ಆ ಶನಿವಾರ ಗೋವಾ ರಾಜ್ಯವಾಯಿತು. ಬೀದಿಯಲ್ಲಿ ಪಟಾಕಿ, ಬ್ಯಾಂಡು, ಲಾರಿಗಳ ಮೇಲೆ ಬಾವುಟ. ಊಟಕ್ಕೆ ಬಂದವರು ಎರಡು ಪಟ್ಟು. ಎಲ್ಲ ಮುಗಿದು ನಿಜಲಿಂಗಪ್ಪ ಮೆರವಣಿಗೆ ನೋಡಲು ಹೋದ, ಶರಣಮ್ಮ ಮಲಗಿದಳು. ಒಲೆಯ ಕೋಣೆಯ ಬಾಗಿಲು ಮುಚ್ಚಿಕೊಂಡು ಫೂಲಿಬಾಯಿ ತನ್ನ ಗಂಟು ಬಿಚ್ಚಿದಳು. ಒಟ್ಟಿಗೆ ಕಟ್ಟಿದ ಮೂರು ಸೂಜಿ, ಚಿಮಣಿಯ ಕಾಡಿಗೆ, ಯಾವುದೋ ಸೊಪ್ಪಿನ ರಸ. ಎದೆ ನೋಡಿ ಮುದುಕಿ ಕೈ ಹಿಂದೆಗೆದಳು.

"ಈ ತೊಗಲು ಬೆಂದೈತಿ ಬಾಯಿ. ಇದರಾಗ ಸೂಜಿ ಹೆಂಗ ಹಾಕ್ಲಿ?"

"ಹಾಕು," ಎಂದಳು ರುದ್ರವ್ವ. "ಎರಡ ವಾರ ಉಳದೈತಿ. ನನಗ ದಿನಾ ಗೀರ್ಕೊಳ್ಳಾಕ ಆಗೂದಿಲ್ಲ."

ಹೊರಗೆ ಪಟಾಕಿಯ ಸರ ಸಿಡಿಯುತ್ತಿತ್ತು. ರುದ್ರವ್ವ ಸೆರಗಿನ ತುದಿ ಕಚ್ಚಿಕೊಂಡು ಮಲಗಿದಳು. ಚುಕ್ಕೆ ಚುಕ್ಕೆಯಾಗಿ ಹಸಿರು ಚೌಕ ಅವಳ ಎದೆಯೊಳಗೆ ಇಳಿಯಿತು, ಇಳಿಸಿದ ಗೆರೆಯ ಮೇಲೆಯೇ, ಒಂದು ಕೂದಲೂ ಆಚೀಚೆ ಆಗದಂತೆ. ಫೂಲಿಬಾಯಿಯ ಕೈ ಅಷ್ಟು ಚಲೋ ಇತ್ತು.

ಸೋಮವಾರ ಅಸುಂತಾ ರಜೆ ಮುಗಿಸಿ ಬಂದಿದ್ದಳು. ಹಲ್ಲು ತೋರಿಸಿ ಮದುವೆಯ ಸುದ್ದಿ ಹೇಳುತ್ತ ಕುಬಸದ ಗುಂಡಿ ಬಿಚ್ಚಿಸಿದವಳು ಬಗ್ಗಿ ನೋಡಿದಳು. ಚೌಕದ ನಾಲ್ಕೂ ಅಂಚು ಬಾತು, ಕೀವು ತುಂಬಿ, ಅದರೊಳಗಿನಿಂದ ಹಸಿರು ಕಾಣುತ್ತಿತ್ತು.

"ಸಾಯ್ಬಾ!" ಎಂದು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ಕೋಣೆ ಕೆಲೆಂ ಹೆಂ?" ಯಾರು ಮಾಡಿದ್ದು ಇದು?

ಆಮೇಲೆ ಅವಳ ಬೆರಳು ಕತ್ತಿನ ಗುಳಿಯಿಂದ ಹಸಿರು ಗೆರೆಯವರೆಗೆ ಅಳೆಯಿತು. ಇನ್ನೊಮ್ಮೆ ಅಳೆಯಿತು. ಅವಳು ಓಡಿದಳು.

ಡಾಕ್ಟರು ಫೋಟೋ ತೆಗೆಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಗಂಟಿನ ಮೇಲಿನ ತುದಿಗೆ ಇತ್ತೀಚೆಗೆ ಕಿರಣವೇ ಬಿದ್ದಿಲ್ಲ. ಕೆಳಗೆ, ಏನೂ ಇಲ್ಲದ ಜಾಗ ಸುಟ್ಟಿದೆ. ಗೆರೆ ಯಾಕೆ ಇಳಿಸಿದ್ರಿ?"

"ಕುಬಸದಾಗ ಮುಚ್ಚಲಿ ಅಂತ್ರಿ," ಎಂದಳು ರುದ್ರವ್ವ.

ಡಾಕ್ಟರು ಫೋಟೋ ಕೆಳಗಿಟ್ಟರು. ಬಯ್ಯುತ್ತಾರೆ ಎಂದು ಅವಳು ಕಾದಳು. ಅವರು ಬಯ್ಯಲಿಲ್ಲ. ಕಡೆಗೆ, "ಹಚ್ಚೆಯ ಯೋಚನೆ ತಪ್ಪಲ್ಲ," ಎಂದರು. "ಕೆಲವು ಕಡೆ ನಾವೇ ಚುಕ್ಕೆ ಚುಚ್ಚುತ್ತೇವೆ. ಆದರೆ ಕಿರಣ ಬೀಳುವ ಮೊದಲು, ಸರಿಯಾದ ಜಾಗದಲ್ಲಿ. ಈಗ ಈ ಗಾಯ ಮಾಯುವವರೆಗೆ ಯಂತ್ರ ನಿಲ್ಲಿಸಬೇಕು. ಸುಟ್ಟ ಚರ್ಮ ಬೇಗ ಮಾಯುವುದಿಲ್ಲ." ಆಮೇಲೆ ಸೇರಿಸಿದರು: "ಅಲ್ಲಿವರೆಗೆ ಒಳಗಿನದು ಸುಮ್ಮನಿರುವುದಿಲ್ಲ ರುದ್ರವ್ವ. ಅದು ಬೆಳೆಯುವಂಥದ್ದು."

ಆ ದಿನ ಮನೆಯಲ್ಲಿ ಎಲ್ಲರಿಗೂ ತಪ್ಪಿತಸ್ಥರು ಸಿಕ್ಕರು. ಶರಣಮ್ಮನಿಗೆ ಲಂಬಾಣಿ ಮುದುಕಿಯ ಸೂಜಿ. ನಿಜಲಿಂಗಪ್ಪನಿಗೆ ಗಂಗೀಬಾಯಿ. "ನಾಳಿಂದ ಆಕಿ ಈ ಹೊಸ್ತಿಲಾ ತುಳಿಬಾರದು!" ಎಂದು ಅವನು ಟೇಬಲು ಗುದ್ದಿದ.

ರುದ್ರವ್ವ ಎದೆಯ ಮೇಲಿನ ಪಟ್ಟಿಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಆಕಿ ಬರತಾಳ," ಎಂದಳು. "ರೊಟ್ಟೀನೂ ಆಕೀನ ಬಡೀತಾಳ. ನಾ ಬಡಿಯೂದಿಲ್ಲ. ಬೆಂಕಿ ಹತ್ರ ಹೋಗಬ್ಯಾಡ ಅಂತ ಡಾಕ್ಟರ ಮೊದಲನೇ ದಿನಾನ ಹೇಳಿದ್ರು, ನೀವೂ ಕೇಳಿದ್ರಿ."

"ಲಂಬಾಣಿ ಕೈದು ಯಾರ ತಿಂತಾರ?" ಎಂದಳು ಶರಣಮ್ಮ.

ಯಾರೂ ಕೇಳಲಿಲ್ಲ, ಎಲ್ಲರೂ ತಿಂದರು. ಮೂರನೆಯ ದಿನ ಯಮನೂರಪ್ಪ, "ರೊಟ್ಟಿ ತೆಳ್ಳಗಾಗ್ಯಾವಲ್ರಿ ಸಾವಕಾರ್ರ, ಚಲೋ ಆತು," ಎಂದ. ಒಳಗೆ ಗಂಗೀಬಾಯಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಶರಣಮ್ಮ ಅಂದಿನಿಂದ ತನಗೆ ಅನ್ನ ಬೇರೆ ಮಾಡಿಕೊಂಡಳು. ಮೊಣಕಾಲು ಅಷ್ಟಕ್ಕೆ ಒಗ್ಗಿತು.

ಗಾಯ ಮಾಯುವಷ್ಟರಲ್ಲಿ ಮಳೆ ಹಿಡಿದು ತಿಂಗಳಾಗುತ್ತ ಬಂದಿತ್ತು. ಮತ್ತೆ ಯಂತ್ರ ಶುರುವಾಯಿತು. ಈಗ ಹಸಿರು ಚೌಕಕ್ಕಿಂತ ಎರಡು ಬೆರಳು ಮೇಲಕ್ಕೆ ಹೊಸ ನೇರಳೆ ಚೌಕ. ಪ್ರತಿ ದಿನ ಮಲಗುವ ಮೊದಲು ರುದ್ರವ್ವ ಬೆರಳಿಟ್ಟು ಹೇಳಬೇಕಿತ್ತು: "ಹಸರದಲ್ಲವಾ, ಮ್ಯಾಲಿಂದು." ಅಸುಂತಾ, "ಖಬರ್ ಆಸಾ, ಬಾಯ್," ಗೊತ್ತಿದೆ, ಅನ್ನುತ್ತಿದ್ದಳು. ಆದರೂ ಬಾಗಿಲು ಮುಚ್ಚಿದ ಮೇಲೆ ರುದ್ರವ್ವನಿಗೆ ಭಯ. ಈ ಬೆಳಕಿಗೆ ಎರಡು ಚೌಕದ ನಡುವೆ ಯಾವುದು ಖರೇದು ಎಂದು ಗೊತ್ತಿದೆಯೇ? ತಾನು ಇಳಿಸಿದ ಆ ಎರಡು ಬೆರಳ ಜಾಗದಲ್ಲಿ, ಆ ಬಿಡುವಿನ ದಿನಗಳಲ್ಲಿ, ಏನು ಕೂತು ಬೆಳೆದಿದೆ?

ಶ್ರಾವಣ ಮುಗಿಯುವ ಹೊತ್ತಿಗೆ ಉರಿ ಇಳಿಯಿತು. ಗಂಜಿ ಇಳಿಯಿತು, ಮೆತ್ತನೆಯ ಅನ್ನ ಇಳಿಯಿತು. ನವರಾತ್ರಿಯ ಒಂದು ಮಧ್ಯಾಹ್ನ ರುದ್ರವ್ವ ಹೊರಗೆ ಬಂದು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತಳು. "ಗಂಗೀ, ನನಗೊಂದ ರೊಟ್ಟಿ. ಹಂಚಿನ ಮ್ಯಾಲಿಂದ ಸೀದಾ." ನಿಜಲಿಂಗಪ್ಪ ಗಲ್ಲಾದಿಂದ ನೋಡಿದ. ಹಬೆಯಾಡುವ ರೊಟ್ಟಿ ತಾಟಿಗೆ ಬಿತ್ತು. ಅವಳು ಚೂರು ಮುರಿದು, ಎಣ್ಣೆಗಾಯಿಯಲ್ಲಿ ಅದ್ದಿ, ಬಹಳ ಹೊತ್ತು ಅಗಿದಳು. ಕತ್ತಿನ ಗುಳಿಯ ಹಿಂದೆ ಅದು ಅರೆಗಳಿಗೆ ನಿಂತಿತು. ಇಳಿಯಿತು. ಅವಳು ಇನ್ನೊಂದು ತುತ್ತು ಮುರಿದಳು. ಇಡೀ ರೊಟ್ಟಿ ಮುಗಿಸಿ ಎದ್ದಾಗ ಯಮನೂರಪ್ಪ ತನ್ನ ತಾಟು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಅವ್ವಾರ, ಹತ್ತ ವರ್ಷ ಆತು ಇಲ್ಲಿ ಉಣ್ಣಾಕತ್ತು. ನಿಮ್ಮ ಮಾರಿ ಇವತ್ತ ನೋಡಿದ್ನಿ," ಎಂದ.

ಗುಣವಾದಳು ಎಂದ ಕೂಡಲೇ ಮನೆ ತನ್ನ ಹಳೆಯ ಆಕಾರಕ್ಕೆ ಮರಳಿತು. ಗಂಗೀಬಾಯಿಗೆ ಜ್ವರ ಬಂದ ದಿನ, "ಒಂದ ಎರಡ ದಿನ ನೋಡ್ಕೋ," ಎಂದ ನಿಜಲಿಂಗಪ್ಪ. ಆ ಎರಡು ದಿನ ಮುಗಿಯಲಿಲ್ಲ. ಗಂಗೀಬಾಯಿ ಮತ್ತೆ ನಲ್ಲಿಯ ಹತ್ತಿರ, ರುದ್ರವ್ವ ಮತ್ತೆ ಒಲೆಯ ಮುಂದೆ. ಬೆಂಚಿನ ತುದಿಯ ಊಟ ಮೊದಲು ಹೊತ್ತು ಮೀರಿತು, ಆಮೇಲೆ ಒಲೆಯ ಹಿಂದಿನ ಮೂಲೆಗೆ ಬಂತು. ಯಾರೂ ಜುಲುಮೆ ಮಾಡಲಿಲ್ಲ. ಗಿರಾಕಿಗಳು ಹಸಿದಿದ್ದರು, ಅಷ್ಟೇ.

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. 'ನಮ್ಮೂರಿನ ಹಬ್ಬ' ಎಂದು ಹಮಾಲರೆಲ್ಲ ಬಂದು ಕೂತಿದ್ದರು. ನಡುವೆ ಒಂದು ಗಳಿಗೆ ಬಿಡುವು ಸಿಕ್ಕಿ ರುದ್ರವ್ವ ಗೋಡೆಗೆ ಮುಖ ಮಾಡಿ ಒಂದು ತುತ್ತು ಬಾಯಿಗಿಟ್ಟಳು.

ನಿಂತಿತು.

ನೀರು ಕುಡಿದಳು. ನೀರು ಮೇಲೆ ಬಂತು. ಅವಳ ಕೈ ತಾನಾಗಿ ಸೆರಗನ್ನು ಬಾಯಿಗೆ ತಂದಿತು, ತುತ್ತನ್ನು ತೆಗೆಯಿತು, ಒಲೆಯ ಬೂದಿಯ ಕಡೆಗೆ ಹೋಯಿತು. ಬೂದಿ ಬಿಸಿಯಿತ್ತು. ಬೆರಳು ಸುಟ್ಟು ಅವಳು ಕೈ ಹಿಂದೆಗೆದಳು. ಆಚೆ ವರ್ಷದ ದೀಪಾವಳಿಯಿಂದ ಎಷ್ಟು ತಿಂಗಳು ಈ ಬೂದಿಯಲ್ಲಿ ಹುಗಿದಿದ್ದಳು! ಆ ತಿಂಗಳುಗಳಲ್ಲಿ ಗಂಟು ಸುಮ್ಮನೆ ಕೂತಿತ್ತೇ?

ಇದು ಗಂಟೋ, ಸುಟ್ಟ ಗಾಯ ಮಾಯುವಾಗ ಬಿಗಿದುಕೊಂಡ ಕಲೆಯೋ. ಎರಡೂ ಆಗಬಹುದು, ನಳಿಗೆ ಇಳಿಸದೆ ಹೇಳಲಾಗದು, ನುಂಗಲು ತೊಡಕಾದ ದಿನವೇ ಬರಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ಕುಬಸದ ಮೇಲಿನ ಗುಂಡಿ ಬಿಚ್ಚಿ ಬೆರಳಿಟ್ಟು ನೋಡಿಕೊಂಡಳು. ಕೆಳಗೆ ಹಸಿರು ಗೆರೆ, ಅಳಿಯದ್ದು. ಮೇಲೆ, ಕತ್ತಿನ ಗುಳಿಯಲ್ಲಿ, ನೇರಳೆ ಗೆರೆ ಇದ್ದ ಜಾಗದ ಕಪ್ಪು ಅಂಚು. ತುತ್ತು ನಿಂತದ್ದು ಅವೆರಡರ ನಡುವೆ.

"ಒಳಗ ಏನ್ ಮಾಡಾಕತ್ತಿ? ರೊಟ್ಟಿ!" ಎಂದು ನಿಜಲಿಂಗಪ್ಪ ಕೂಗಿದ.

ರುದ್ರವ್ವ ತನ್ನ ತಾಟು ಎತ್ತಿಕೊಂಡು ಹೊರಗೆ ಬಂದಳು. ಗಲ್ಲಾದ ಎದುರಿನ ಬೆಂಚಿನ ಮೇಲೆ, ಯಮನೂರಪ್ಪನ ಮಗ್ಗುಲಲ್ಲಿ ಕೂತಳು. ಎಲ್ಲರೂ ನೋಡುತ್ತಿದ್ದಂತೆ ಒಂದು ಚೂರು ರೊಟ್ಟಿ ಮುರಿದು ಬಾಯಿಗಿಟ್ಟು ಅಗಿದಳು, ನುಂಗಿದಳು. ಕತ್ತಿನ ನರ ಬಿಗಿದವು, ಕಣ್ಣು ತುಂಬಿ ಬಂತು. ಅವಳು ಸೆರಗು ಅಡ್ಡ ಹಿಡಿಯಲಿಲ್ಲ. ಬಾಯಿಂದ ತುತ್ತು ತೆಗೆದು ತಾಟಿನ ಅಂಚಿನಲ್ಲಿಟ್ಟಳು.

"ನೋಡ್ರಿ. ಇಳಿವಲ್ದು."

"ಒಳಗ ನಡಿ," ಎಂದ ನಿಜಲಿಂಗಪ್ಪ, ಧ್ವನಿ ತಗ್ಗಿಸಿ. "ಮಂದಿ ನೋಡಾಕತ್ತಾರ. ಊಟ ಆಗ್ಲಿ, ಸಂಜೀಕ ಮಾತಾಡೂಣು. ನಾಳೆ ಹೋದ್ರಾತು ಆಸ್ಪತ್ರಿಗೆ."

"ಮಂದಿ ನೋಡ್ಲಿ ಅಂತಾನ ಇಲ್ಲಿ ಕುಂತೇನಿ. ನಾಳೆಲ್ಲ, ಈಗ."

ಯಾರೂ ನಗಲಿಲ್ಲ. ಯಮನೂರಪ್ಪ ತನ್ನ ತಾಟನ್ನು ಮೆಲ್ಲಗೆ ದೂರ ಸರಿಸಿದ. ಹಿತ್ತಲಿನಿಂದ ಗಂಗೀಬಾಯಿ ಬೂದಿಗೈಯಲ್ಲೇ ಬಂದು ನಿಂತಳು. ರುದ್ರವ್ವನ ಮುಖ ನೋಡಿದವಳು ಕೈ ಒರೆಸಿಕೊಂಡು ಚಪ್ಪಲಿ ಹುಡುಕಿದಳು.

ಒಳಗೆ ಹಂಚಿನ ಮೇಲೆ ಒಂದು ರೊಟ್ಟಿ ಕಪ್ಪಾಗುತ್ತಿತ್ತು. ನಾದಿದ ಹಿಟ್ಟಿನ ಮೇಲೆ ಆಗಲೇ ಪದರ ಕಟ್ಟಿತ್ತು. ಶರಣಮ್ಮ, "ಯಾರರ ಒಲಿ ನೋಡ್ರಿ!" ಎಂದು ಕೂಗುತ್ತಿದ್ದಳು. ಇಬ್ಬರು ಹೆಂಗಸರೂ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಬಸ್ಸು ಜುವಾರಿ ಸೇತುವೆ ಹತ್ತಿದಾಗ ಗಾಳಿಗೆ ಸೆರಗು ಜಾರಿತು. ಮುಂದಿನ ಸೀಟಿನ ಗಂಡಸು ತಿರುಗಿ ನೋಡಿದ. ಗಂಗೀಬಾಯಿ ಸೆರಗು ಎಳೆದು ಮುಚ್ಚಲು ಹೋದಳು.

"ಇರಲಿ ಬಿಡು," ಎಂದಳು ರುದ್ರವ್ವ. ಅವಳ ಎರಡು ಬೆರಳು ತುತ್ತು ನಿಂತ ಜಾಗದ ಮೇಲೆಯೇ ಇದ್ದವು. ಅಸುಂತಾ ಕೇಳಿದ ಕೂಡಲೇ ತೋರಿಸಬೇಕು, ಒಂದು ಕೂದಲೂ ಆಚೀಚೆ ಆಗದಂತೆ.